ವಿಕ್ಟೋರಿಯಾ ಕಾಲದ ಬಿಷಪ್ ಒಬ್ಬರ ಮನೆಮಂದಿಯ ಪತ್ರಗಳಿಂದ ಇತಿಹಾಸಕ್ಕೆ ಏನು ದೊರೆಯುತ್ತದೆ?

ದಕ್ಷಿಣ ಆಫ್ರಿಕಾದ ನೆಟಾಲ್ ಪ್ರಾಂತಕ್ಕೆ 1853ರಲ್ಲಿ ಬಿಷಪ್ ಆಗಿ ನೇಮಕಗೊಂಡ ಜಾನ್ ವಿಲಿಯಂ ಕೊಲೆನ್ಸೊ ಅವರ ಕುಟುಂಬದ ಪತ್ರಗಳನ್ನು ಗಮನಿಸಿದರೆ, ಸರ್ಕಾರಿ ಕಡತಗಳು ಮುಚ್ಚಿಟ್ಟ ವಸಾಹತು ಆಡಳಿತದ ಇನ್ನೊಂದು ಮುಖ ಅಲ್ಲಿ ಕಾಣುತ್ತದೆ.

ಅವರ ಮನೆ ಬಿಷಪ್‌ಸ್ಟೋ ಪೀಟರ್‌ಮಾರಿಟ್ಸ್‌ಬರ್ಗ್ ಬಳಿ ಇತ್ತು. 1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ್ದು ಇದೇ ಊರಿನ ನಿಲ್ದಾಣದಲ್ಲಿ. ಕೊಲೆನ್ಸೊ ಅವರ ಪತ್ನಿ ಫ್ರಾನ್ಸಿಸ್ ಇಂಗ್ಲೆಂಡಿನ ಆಪ್ತರಿಗೆ ಬರೆದ ಪತ್ರಗಳಲ್ಲಿ ಮನೆವಾರ್ತೆಯ ಜೊತೆಗೇ, 1873ರಲ್ಲಿ ಬಂಡಾಯದ ಆರೋಪ ಹೊತ್ತ ಹ್ಲೂಬಿ ಎಂಬ ಆಫ್ರಿಕನ್ ಬುಡಕಟ್ಟಿನ ನಾಯಕ ಲಂಗಾಲಿಬಲೆಲೆಗೆ ಆದ ಅನ್ಯಾಯದ ಬಗೆಗಿನ ಸಂಕಟವೂ, 1879ರಲ್ಲಿ ಬ್ರಿಟಿಷರಿಗೂ ಆಫ್ರಿಕಾದ ಜುಲು ರಾಜ್ಯಕ್ಕೂ ನಡೆದ ಯುದ್ಧದ ಕಳವಳವೂ ಬೆರೆತಿವೆ. ಆ ಯುದ್ಧದ ಇಸಾಂಡ್ಲ್ವಾನ ಕಾಳಗದಲ್ಲಿ ಮನೆಗೆ ಆತ್ಮೀಯರಾಗಿದ್ದ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಡರ್ನ್‌ಫೋರ್ಡ್ ಜುಲು ಸೈನ್ಯದ ಎದುರು ಮಡಿದರು. ಆದರೂ ಇಡೀ ಕುಟುಂಬ ಜುಲು ಜನರ ನ್ಯಾಯಕ್ಕಾಗಿಯೇ ವಾದಿಸುತ್ತ ಬಂದಿತೆಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಸಂಗತಿಯಾಗಿ ತೋರುತ್ತದೆ.

1884ರಲ್ಲಿ ಬಿಷಪ್‌ಸ್ಟೋ ಬೆಂಕಿಗೆ ಆಹುತಿಯಾದಾಗ, ದೂರದ ಇಂಗ್ಲೆಂಡಿಗೆ ತಲುಪಿದ್ದ ಪತ್ರಗಳು ಆ ಬೆಂಕಿಯಿಂದ ಪಾರಾದವು. ಕೊಲೆನ್ಸೊ 1883ರಲ್ಲೇ ತೀರಿಕೊಂಡಿದ್ದರು. ಹಿರಿಯ ಮಗಳು ಹ್ಯಾರಿಯೆಟ್ ಜುಲು ರಾಜಮನೆತನದ ಪರವಾದ ಹೋರಾಟವನ್ನು ದಶಕಗಳ ಕಾಲ ಮುಂದುವರಿಸಿದರು.