ಪೋಷಕರ ಪ್ರಶ್ನೆ: ಪಕ್ಕದಲ್ಲಿ ಕೂರಬೇಕೋ, ಎದ್ದು ಹೋಗಬೇಕೋ?

ಪ್ರಶ್ನೆ: ಮಗ ಮೂರನೇ ತರಗತಿ. ಹೋಂವರ್ಕ್‌ಗೆ ಕೂತರೆ ಎರಡು ಗಂಟೆ ಹಿಡಿಯುತ್ತದೆ. ನಾನು ಪಕ್ಕದಲ್ಲಿದ್ದರೆ ಬರೆಯುತ್ತಾನೆ, ಎದ್ದರೆ ಪೆನ್ಸಿಲ್ ಕೆಳಗಿಡುತ್ತಾನೆ. ಕೊನೆಗೆ ಬೇಸತ್ತು ಉತ್ತರ ನಾನೇ ಹೇಳಿಬಿಡುತ್ತೇನೆ. ದಿನಾ ಜಗಳ.

ಉತ್ತರ: ತರಗತಿಗೆ ಹತ್ತು ನಿಮಿಷದಂತೆ ಹೋಂವರ್ಕ್ ಇರಲಿ ಎಂಬ ಅಂದಾಜನ್ನು ಎಷ್ಟೋ ಶಿಕ್ಷಕರು ಬಳಸುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ ಮಗನಿಗೆ ಅರ್ಧ ಗಂಟೆ. ಉಳಿದ ಒಂದೂವರೆ ಗಂಟೆ ಎಲ್ಲಿ ಹೋಗುತ್ತಿದೆ ಎಂಬುದನ್ನು ಮೊದಲು ಕಂಡುಕೊಳ್ಳಿ. ಮೂರು ದಿನ ಏನನ್ನೂ ಬದಲಿಸದೆ, ಒಂದು ಹಾಳೆಯಲ್ಲಿ ಬರೆದಿಡಿ: ಕೂತದ್ದು ಎಷ್ಟು ಗಂಟೆಗೆ, ಮೊದಲ ಪದ ಬರೆದದ್ದು ಎಷ್ಟು ಗಂಟೆಗೆ, ಎಷ್ಟು ಸಲ ಎದ್ದ, ಯಾವ ಪ್ರಶ್ನೆಗೆ ನಿಂತ, ಎಷ್ಟು ಸಲ ಅಳಿಸಿದ. ಶುರು ಮಾಡುವುದಕ್ಕೇ ಇಪ್ಪತ್ತು ನಿಮಿಷ ಬೇಕಾಗುವ ಮಗು ಬೇರೆ, ಪಾಠವೇ ತಿಳಿಯದೆ ಕೂತಿರುವ ಮಗು ಬೇರೆ, ಎಲ್ಲ ಗೊತ್ತಿದ್ದೂ ಕೈ ಓಡದ ಮಗು ಬೇರೆ. ಮೂವರಿಗೂ ‘ಬೇಗ ಬರಿ’ ಎನ್ನುವ ಒಂದೇ ಮದ್ದು ಕೊಟ್ಟರೆ ನಾಟುವುದಿಲ್ಲ. ಅಳಿಸುವುದೇ ಹೆಚ್ಚು ಎಂದು ಕಂಡರೆ ರಬ್ಬರನ್ನು ಮೇಜಿನಿಂದ ತೆಗೆದಿಡಿ. ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಬರೆಯಲಿ.

ಇನ್ನು ಕೂರಿಸುವ ಕ್ರಮ. ಆಟ, ತಿಂಡಿ ಮುಗಿದ ಮೇಲೆ, ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ. ಪ್ರಶ್ನೆಯನ್ನು ಅವನೇ ಗಟ್ಟಿಯಾಗಿ ಓದಿ, ಅದರಲ್ಲಿ ಏನು ಕೇಳಿದ್ದಾರೆಂದು ತನ್ನ ಮಾತಿನಲ್ಲಿ ಹೇಳಲಿ. ಅರ್ಧ ತೊಡಕು ಅಲ್ಲೇ ಬಯಲಾಗುತ್ತದೆ. ಮೊದಲನೆಯದನ್ನು ಇಬ್ಬರೂ ಸೇರಿ ಮಾಡಿ. ಎರಡನೆಯದನ್ನು ಅವನು ಮಾಡಲಿ, ನೀವು ಸುಮ್ಮನೆ ನೋಡಿ. ಮೂರನೆಯದಕ್ಕೆ ಎದ್ದು ಹೋಗಿ. ಒಂಟಿಯಾಗಿ ಮಾಡಲಾರದ, ಆದರೆ ಸ್ವಲ್ಪ ಆಸರೆ ಸಿಕ್ಕರೆ ಮಾಡಬಲ್ಲ ಕೆಲಸದಲ್ಲೇ ಮಗು ಕಲಿಯುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ (1896–1934) ಹೇಳಿದ್ದರು. ಆಸರೆ ಕೊಡುವುದು ಎಲ್ಲರಿಗೂ ಬರುತ್ತದೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ.

ಹಾಗಾಗಿ ಎದ್ದು ಹೋಗುವ ದೂರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ಮೊದಲ ವಾರ ಪಕ್ಕದ ಕುರ್ಚಿ, ಎರಡನೇ ವಾರ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ನಿಮ್ಮದೇ ಕೆಲಸ, ಮೂರನೇ ವಾರ ಬೇರೆ ಕೋಣೆ. ‘ಐದು ನಿಮಿಷಕ್ಕೆ ಬಂದು ನೋಡ್ತೀನಿ’ ಎಂದರೆ ಐದಕ್ಕೇ ಬನ್ನಿ, ಹತ್ತಕ್ಕಲ್ಲ. ಒಳಗಿನಿಂದ ನಿಮಿಷಕ್ಕೊಮ್ಮೆ ‘ಮುಗೀತಾ?’ ಎಂದು ಕೂಗುತ್ತಿದ್ದರೆ ನೀವು ಎದ್ದು ಹೋಗಿಯೇ ಇಲ್ಲ ಎಂದರ್ಥ. ಬಾರದ ಪ್ರಶ್ನೆಗೆ ನಕ್ಷತ್ರ ಹಾಕಿ ಮುಂದಕ್ಕೆ ಹೋಗುವುದನ್ನು ಕಲಿಸಿ. ಅರ್ಧ ಗಂಟೆ ಪ್ರಾಮಾಣಿಕವಾಗಿ ಕೂತ ಮೇಲೂ ಉಳಿದರೆ ಪುಸ್ತಕ ಮುಚ್ಚಿಸಿ. ‘30 ನಿಮಿಷ ಮಾಡಿದ್ದಾನೆ, ನಕ್ಷತ್ರ ಹಾಕಿದ ಎರಡು ತಿಳಿದಿಲ್ಲ’ ಎಂದು ಶಿಕ್ಷಕರಿಗೆ ಚೀಟಿ ಬರೆಯಿರಿ. ನೀವು ಹೇಳಿ ಬರೆಸಿದ ಪುಸ್ತಕ ನೋಡಿದ ಶಿಕ್ಷಕರು ಇವನಿಗೆ ಎಲ್ಲ ಬರುತ್ತದೆ ಎಂದುಕೊಂಡು ಮುಂದಿನ ಪಾಠಕ್ಕೆ ಹೋಗುತ್ತಾರೆ, ತಪ್ಪು ಅವರದಲ್ಲ. ಮೊದಲ ಎರಡು ವಾರ ಪುಸ್ತಕದಲ್ಲಿ ಖಾಲಿ ಜಾಗ ಕಾಣುತ್ತದೆ. ಬಹುಪಾಲು ಪೋಷಕರು ಹೆದರಿ ಹಿಂದಕ್ಕೆ ಬರುವುದು ಆಗಲೇ.

ಪ್ರಶ್ನೆ: ಮಗಳು ಎರಡನೇ ತರಗತಿ. 52ರಲ್ಲಿ 27 ಕಳೆ ಎಂದರೆ 35 ಎನ್ನುತ್ತಾಳೆ. ಎಷ್ಟು ಹೇಳಿಕೊಟ್ಟರೂ ಅಷ್ಟೇ. ನನಗೂ ಗಣಿತ ಅಷ್ಟಕ್ಕಷ್ಟೆ.

ಉತ್ತರ: ಅವಳು ಗಮನವಿಲ್ಲದೆ ತಪ್ಪು ಮಾಡುತ್ತಿಲ್ಲ. ಅವಳದೇ ಒಂದು ನಿಯಮವಿದೆ: ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗದು, ಆದ್ದರಿಂದ 7ರಿಂದ 2 ತೆಗೆದು 5. ಹತ್ತರ ಸ್ಥಾನದಲ್ಲಿ 5ರಿಂದ 2 ಹೋದರೆ 3. ಉತ್ತರ 35. ಖಚಿತ ಮಾಡಿಕೊಳ್ಳಲು 63–28, 71–46 ಕೊಟ್ಟು ನೋಡಿ. 45 ಮತ್ತು 35 ಎಂದು ಬಂದರೆ ಇದೇ ನಿಯಮ ನಡೆಯುತ್ತಿದೆ (ಸರಿಯುತ್ತರ 35 ಮತ್ತು 25).

ಬಾಯಿಮಾತಿನ ವಿವರಣೆಯನ್ನು ಬಿಟ್ಟುಬಿಡಿ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಟ್ಟು ‘ಇಪ್ಪತ್ತೇಳು ಕೊಡು’ ಎನ್ನಿ. ಎರಡು ಕಟ್ಟು ಸಲೀಸಾಗಿ ಕೊಡುತ್ತಾಳೆ. ಏಳು ಬಿಡಿ ಇಲ್ಲ, ಅಲ್ಲಿ ಕೈ ನಿಲ್ಲುತ್ತದೆ. ನಿಲ್ಲಲಿ ಬಿಡಿ, ಕಟ್ಟನ್ನು ನೀವು ಬಿಚ್ಚಬೇಡಿ. ಸ್ವಲ್ಪ ಹೊತ್ತಿಗೆ ಒಂದು ಕಟ್ಟನ್ನು ತಾನೇ ಬಿಚ್ಚುತ್ತಾಳೆ. ಇನ್ನೂ ತೋಚದಿದ್ದರೆ ‘ಕಟ್ಟಿನೊಳಗೆ ಏನಿದೆ?’ ಎಂದಷ್ಟೇ ಕೇಳಿ. ಈ ಬಿಚ್ಚುವುದನ್ನು ಲೆಕ್ಕದ ಶುರುವಿನಲ್ಲೇ ಮಾಡಿದರೂ ಸರಿಯೇ, ಬಿಡಿಯಿಂದ ಆರಂಭಿಸುವುದು ಬರವಣಿಗೆಯ ಅನುಕೂಲಕ್ಕೆ. ಐದು ಕಟ್ಟು ನಾಲ್ಕಾಯಿತು, ಬಿಡಿ 12 ಆಯಿತು. 12ರಲ್ಲಿ 7 ಹೋಗಿ 5, 4ರಲ್ಲಿ 2 ಹೋಗಿ 2. ಕೈ ಮಾಡಿದ್ದನ್ನೆಲ್ಲ ಆಗಿಂದಾಗಲೇ ಹಾಳೆಯ ಮೇಲೆ ಅಂಕಿಯಲ್ಲಿ ಬರೆಯಬೇಕು: 5ನ್ನು ಹೊಡೆದು 4, 2ನ್ನು ಹೊಡೆದು 12. ದಿನಕ್ಕೆ ನಾಲ್ಕೈದು ಲೆಕ್ಕ ಸಾಕು. ಒಂದು ವಾರವಾದ ಮೇಲೆ ಕಡ್ಡಿಯ ಬದಲು ಚಿತ್ರ, ಅಂದರೆ ಹತ್ತಕ್ಕೆ ಗೆರೆ, ಬಿಡಿಗೆ ಚುಕ್ಕೆ. ಆಮೇಲೆ ಬರೀ ಅಂಕಿ. ಎರಡನೇ ದಿನವೇ ‘ಗೊತ್ತಾಯ್ತಲ್ಲ’ ಎಂದು ಕಡ್ಡಿ ಎತ್ತಿಟ್ಟರೆ ಹಳೆಯ ನಿಯಮ ಮತ್ತೆ ವಾಪಸಾಗುತ್ತದೆ. ಮುಂದೆ 402–178ರಂಥ, ನಡುವೆ ಸೊನ್ನೆ ಇರುವ ಲೆಕ್ಕ ಬಂದಾಗ ಮತ್ತೆ ಕಡ್ಡಿ ತೆಗೆಯಿರಿ. ಅಲ್ಲಿ ನೂರನ್ನು ಬಿಚ್ಚಿ ಹತ್ತು ಹತ್ತುಗಳಾಗಿ ಮಾಡಿ, ಅದರಲ್ಲೊಂದನ್ನು ಮತ್ತೆ ಬಿಚ್ಚಬೇಕು.

ನಿಮ್ಮ ಗಣಿತದ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಒಂದು, ಎರಡನೇ ತರಗತಿಯ ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಣಿತದ ಭಯವಿರುವ ಪೋಷಕರು ಮೇಲಿಂದ ಮೇಲೆ ಹೋಂವರ್ಕ್‌ಗೆ ನೆರವಾದ ಮನೆಗಳ ಮಕ್ಕಳು ಆ ವರ್ಷ ಗಣಿತವನ್ನು ಕಡಿಮೆ ಕಲಿತಿದ್ದರು. ಅಂಥ ನೆರವು ಅಪರೂಪವಾಗಿದ್ದ ಮನೆಗಳಲ್ಲಿ ಹಾಗಾಗಿರಲಿಲ್ಲ. ನಿಮಗೆ ಗಣಿತ ಬಾರದಿರುವುದಕ್ಕಿಂತ ಅದರ ಭಯವನ್ನು ಮಗಳ ಮುಂದೆ ಆಡಿ ತೋರಿಸುವುದೇ ಹೆಚ್ಚು ಕೆಡುಕು. ‘ನಂಗೂ ಬರ್ತಿರ್ಲಿಲ್ಲ’ ಎಂಬ ಸಮಾಧಾನ ಬೇಡ. ಉತ್ತರ ಸರಿಯಿದ್ದಾಗಲೂ ‘ಹೇಗೆ ಮಾಡಿದೆ, ತೋರಿಸು’ ಎನ್ನಿ.

ಪ್ರಶ್ನೆ: ಏಳನೇ ತರಗತಿಯ ಮಗಳು ಪಾಠವನ್ನು ಮೂರು ಮೂರು ಸಲ ಓದುತ್ತಾಳೆ, ಪರೀಕ್ಷೆಯಲ್ಲಿ ಮರೆತೆ ಎನ್ನುತ್ತಾಳೆ. ನೆನಪಿನ ಶಕ್ತಿ ಕಡಿಮೆಯೇ?

ಉತ್ತರ: ನೆನಪು ಸರಿಯಾಗಿಯೇ ಇದೆ, ಓದುವ ರೀತಿ ಬದಲಾಗಬೇಕು. ಮೂರನೇ ಸಲ ಓದುವಾಗ ಎಲ್ಲ ಪರಿಚಿತ ಎನಿಸುತ್ತದೆ, ಆ ಪರಿಚಯವನ್ನೇ ಅವಳು ‘ಬಂತು’ ಎಂದುಕೊಳ್ಳುತ್ತಾಳೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ, ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದಾದರು.

ಒಂದು ಸಲ ಓದಿ, ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಾದದ್ದನ್ನೆಲ್ಲ ಬರೆಯಲಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಸೇರಿಸಲಿ. ಇನ್ನು ಓದಬೇಕಾದದ್ದು ಆ ಬಣ್ಣದ ಸಾಲುಗಳನ್ನಷ್ಟೇ. ಮಾರನೇ ದಿನ ಒಮ್ಮೆ, ಮೂರು ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಇದೇ ರೀತಿ. ಶುರುವಿನಲ್ಲಿ ಹಾಳೆ ಅರ್ಧವೂ ತುಂಬದೆ ಅವಳಿಗೆ ಸಿಟ್ಟು ಬರುತ್ತದೆ, ‘ಓದೋದೇ ವಾಸಿ’ ಎನ್ನುತ್ತಾಳೆ. ನಿಮ್ಮ ಕೆಲಸ ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು. ಅದಕ್ಕೆ ವಿಷಯ ಗೊತ್ತಿರಬೇಕೆಂದಿಲ್ಲ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಅಲ್ಲಿಯವರೆಗೆ ಸುಳಿವೂ ಬೇಡ.

ಪ್ರಶ್ನೆ: ಒಳ್ಳೆಯ ಮಾರ್ಕ್ಸ್ ತೆಗೆದರೆ ದುಡ್ಡು, ಸೈಕಲ್ ಎಂದು ಆಸೆ ತೋರಿಸಬಹುದೇ?

ಉತ್ತರ: ತಾನಾಗಿ ಮಾಡುತ್ತಿರುವ ಕೆಲಸಕ್ಕೆ ತೋರಿಸಬೇಡಿ. 1973ರ ಒಂದು ಪ್ರಯೋಗದಲ್ಲಿ, ಚಿತ್ರ ಬಿಡಿಸುವುದು ಇಷ್ಟವಿದ್ದ ಪುಟ್ಟ ಮಕ್ಕಳಿಗೆ ‘ಬಿಡಿಸಿದರೆ ಬಹುಮಾನ’ ಎಂದು ಮೊದಲೇ ಹೇಳಿ ಕೊಟ್ಟರು. ಆಮೇಲೆ ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಚಿತ್ರ ಬಿಡಿಸುವುದೇ ಕಡಿಮೆಯಾಯಿತು. ಹೇಳದೆ, ಕೊನೆಯಲ್ಲಿ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಹೊಗಳಿಕೆಯಲ್ಲೂ ‘ಜಾಣ’ ಎನ್ನುವುದಕ್ಕಿಂತ ‘ಎರಡನೇ ದಾರಿ ಹುಡುಕಿದೆಯಲ್ಲ’ ಎಂದು ಮಾಡಿದ್ದನ್ನು ಹೆಸರಿಸಿ.

ಪ್ರಶ್ನೆ: ಹನ್ನೊಂದು ವರ್ಷದ ಮಗನನ್ನು ಬೆಳಗ್ಗೆ ಐದಕ್ಕೆ ಓದಲು ಎಬ್ಬಿಸುತ್ತೇವೆ. ಟ್ಯೂಷನ್ ಮುಗಿದು ಮಲಗುವುದು ಹತ್ತೂವರೆಗೆ. ತೂಕಡಿಸುತ್ತಾನೆ.

ಉತ್ತರ: ತೂಕಡಿಸದೆ ಇನ್ನೇನು ಮಾಡಿಯಾನು? 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 13ರಿಂದ 18ರವರಿಗೆ 8ರಿಂದ 10. ನಿಮ್ಮ ಮಗನಿಗೆ ಸಿಗುತ್ತಿರುವುದು ಆರೂವರೆ. ಓದಿದ್ದು ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾಲೂ ಇದೆ. ಹಾಗಾಗಿ ಐದರ ಓದು ಹಿಂದಿನ ದಿನದ ಓದಿಗೇ ಕತ್ತರಿ ಹಾಕುತ್ತಿದೆ. ಐದಕ್ಕೇ ಏಳಬೇಕೆಂದರೆ ಎಂಟಕ್ಕೆ ಮಲಗಬೇಕು. ಅದಾಗದಿದ್ದರೆ ಬೆಳಗಿನ ಓದು ನಿಲ್ಲಿಸಿ, ಇಲ್ಲವೇ ಟ್ಯೂಷನ್ ಬಿಡಿಸಿ. ಮಲಗುವ ಹೊತ್ತನ್ನು ಒಮ್ಮೆಲೇ ಹಿಂದಕ್ಕೆ ತಂದರೆ ಹಾಸಿಗೆಯಲ್ಲಿ ಹೊರಳಾಡುತ್ತಾನೆ. ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷದಂತೆ ತನ್ನಿ, ಮಲಗುವ ಒಂದು ಗಂಟೆ ಮೊದಲೇ ಫೋನ್, ಟಿವಿ ಆರಿಸಿ. ರಜಾದಿನವೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ಜಾರದಿರಲಿ.