ಅಪ್ಪ ಪಿಂಚಣಿಯನ್ನೆಲ್ಲ ದಾಸೋಹಕ್ಕೆ ಕೊಡುತ್ತಿದ್ದಾರೆ, ಏನು ಮಾಡಲಿ? – ಪ್ರತಿಕ್ರಿಯೆ

ಹೊಸ ಭಕ್ತಿಯ ಮೊದಲ ಬಿಸಿ ಇದು, ಮರುಳಲ್ಲ ಅನಿಸುತ್ತದೆ. ಹತ್ತು ರೂಪಾಯಿಗೂ ಲೆಕ್ಕ ಕೇಳುತ್ತಿದ್ದವರು ಮಠದ ಪಂಕ್ತಿಯಲ್ಲಿ ಕೂತು ಬಂದ ಮೇಲೆ ಹೀಗಾದರು ಎಂದಿದ್ದೀರಿ. ನಮ್ಮ ಮಾವನೂ ಹೀಗೇ ಬದಲಾದರು. ಯಾರಾದರೂ ಒತ್ತಡ ಹಾಕುತ್ತಿದ್ದಾರಾ ಎಂಬುದು ನಿಮ್ಮ ಮಾತಿನಿಂದ ತಿಳಿಯುವುದಿಲ್ಲ. ಅದನ್ನು ಮೊದಲು ಮೆತ್ತಗೆ ಕೇಳಿ.

ಭಕ್ತಿಯ ಬಗ್ಗೆ ವಾದ ಮಾಡಲೇಬೇಡಿ, ಸುಮ್ನೆ ಹಟ ಜಾಸ್ತಿಯಾಗುತ್ತದೆ. ಔಷಧಿ, ಮನೆಖರ್ಚು, ಆಪತ್ತಿಗೊಂದಿಷ್ಟು ಹಣ ತೆಗೆದಿಡಿ. ಉಳಿದದ್ದು ಅವರಿಷ್ಟ ಎಂದುಬಿಡಿ, ಅವರ ದುಡಿಮೆ ಅಲ್ವಾ?

ಒಪ್ಪದಿದ್ದರೆ ಆಯ್ದಕ್ಕಿ ಮಾರಯ್ಯನ ಕಥೆ ಹೇಳಿ. ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಶರಣ. ಒಂದು ದಿನ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ವಾಪಸ್ ಸುರಿದು ಬಾ ಎಂದು ಕಳಿಸಿದಳು. ದಾಸೋಹಕ್ಕೂ ಅಳತೆ ಉಂಟು ಎಂದು ಮಗ ಹೇಳುವುದಕ್ಕಿಂತ ಲಕ್ಕಮ್ಮ ಹೇಳಿದರೆ ಅವರ ಕಿವಿಗೆ ಬೀಳುತ್ತದೆ. ನಮ್ಮಲ್ಲಿ ಕೆಲಸ ಮಾಡಿದ್ದು ಇದೇ.

ಆಮೇಲೆ ಹಣದ ಬದಲು ಕೈಕೆಲಸ ಸೂಚಿಸಿ: ತರಕಾರಿ ಹೆಚ್ಚುವುದು, ಬಡಿಸುವುದು. ನಿವೃತ್ತರಿಗೆ ಅದೇ ಹೆಚ್ಚು ಖುಷಿ ಕೊಡುತ್ತದೆ.

ಕೊಡುವ ಹಣಕ್ಕೆ ರಸೀದಿ ಪಡೆಯಿರಿ. ತೆರಿಗೆ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ ಸಂಸ್ಥೆಗೆ ಮಾನ್ಯತೆ ಇದ್ದರೆ. 2,000 ರೂಪಾಯಿ ಮೀರಿದರೆ ನಗದು ಬೇಡ, ಚೆಕ್ ಅಥವಾ ಯುಪಿಐ ಇರಲಿ. ಅಕ್ಕಿ, ಬೇಳೆ ಕೊಟ್ಟರೆ ವಿನಾಯಿತಿ ಇಲ್ಲ.

ಸೈಟು, ಠೇವಣಿ ಬರೆದುಕೊಡುವ ಮಾತು ಬಂದರೆ ಮಾತ್ರ ಸಹಿಗೆ ಮೊದಲೇ ವಕೀಲರ ಹತ್ತಿರ ಕರೆದುಕೊಂಡು ಹೋಗಿ.