ಅರ್ಜಿಯಲ್ಲಿ ಕನ್ನಡ ಎಂದೇ ಬರೆ

ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಯಜಮಾನರಿಗೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೆಲಸ ಸಿಕ್ಕಿದೆ, ಆಗಸ್ಟ್‌ನಲ್ಲಿ ಹೊರಡುತ್ತೀರಿ. ಚಿತ್ರದುರ್ಗದ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಆರನೆಯ ತರಗತಿ ಮುಗಿಸಿದ ಮಗಳು ಅಲ್ಲಿ ಏಳಕ್ಕೆ ಸೇರಬೇಕು. ಬಾಡಿಗೆ ಮನೆಯ ಹತ್ತಿರದ ಸರ್ಕಾರಿ ಮಿಡ್ಲ್ ಸ್ಕೂಲಿನಲ್ಲಿ ಮುನ್ನೂರು ಮಕ್ಕಳೂ ಇಲ್ಲ, ಇಷ್ಟು ಸಣ್ಣ ಶಾಲೆಯಲ್ಲಿ ಅವಳಿಗೆ ಏನು ಸಿಗುತ್ತದೆ, ದೊಡ್ಡ ಶಾಲೆಯಿರುವ ಕಡೆಗೆ ಮನೆ ಬದಲಿಸಬೇಕೇ ಎಂದು ಕೇಳಿದ್ದೀಯ. ಅಕ್ಕ ಎಂದು ಕರೆದಿದ್ದರಿಂದ ‘ನೀನು’ ಎಂದೇ ಬರೆಯುತ್ತೇನೆ.

ಮನೆ ಬದಲಿಸಬೇಡ. ಅದಕ್ಕಿಂತ ಮುಖ್ಯವಾದ ಒಂದು ಹಾಳೆಯ ವಿಷಯ ಹೇಳುತ್ತೇನೆ, ಏಕೆಂದರೆ ಆ ಹಾಳೆಯಲ್ಲಿ ನಾನು ಮಾಡಿದ ತಪ್ಪಿಗೆ ನನ್ನ ಮಗಳು ಮೂರು ತಿಂಗಳು ದಂಡ ಕಟ್ಟಿದಳು.

2011ರಲ್ಲಿ ನಾವು ದಾವಣಗೆರೆಯಿಂದ ಅಮೆರಿಕಕ್ಕೆ ಹೋದಾಗ ಅವಳೂ ಇಂಥದೇ ಸಣ್ಣ ಶಾಲೆಗೆ ಸೇರಿದಳು. ದಾಖಲಾತಿಯ ಕಾಗದಗಳ ನಡುವೆ ಒಂದು ಹಾಳೆಯಿತ್ತು. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಆಡುವ ಭಾಷೆ ಯಾವುದು ಎಂದು ಕೇಳುವ ಹಾಳೆ. ಕನ್ನಡ ಎಂದು ಬರೆದರೆ ಹಿಂದುಳಿದವಳೆಂದು ಕೆಳಗಿನ ತರಗತಿಗೆ ಹಾಕಿಬಿಡುತ್ತಾರೆ ಎಂದು ಹೆದರಿ, ಎಲ್ಲ ಗೆರೆಗಳ ಮೇಲೂ ಇಂಗ್ಲಿಷ್ ಎಂದು ಬರೆದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳಲ್ಲವೇ, ಸುಳ್ಳೇನೂ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ಡಿಸೆಂಬರ್‌ನಲ್ಲಿ ಒಂದು ದಿನ ಅವಳ ಸಮಾಜ ವಿಜ್ಞಾನದ ನೋಟ್‌ಬುಕ್ ತೆರೆದೆ. ಪ್ರತಿ ಪುಟದಲ್ಲೂ ದಿನಾಂಕವಿತ್ತು, ಬೋರ್ಡಿನಿಂದ ನಕಲು ಮಾಡಿದ ತಲೆಬರಹವಿತ್ತು, ಅದರ ಕೆಳಗೆ ಸ್ಕೇಲ್ ಇಟ್ಟು ಎಳೆದ ಎರಡು ಗೆರೆಗಳಿದ್ದವು. ಗೆರೆಯ ಕೆಳಗೆ ಏನೂ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ಪುಟ ಹಾಗೆಯೇ.

ಮರುದಿನವೇ ಶಾಲೆಯ ಕೌನ್ಸೆಲರ್ ಬಳಿ ಹೋಗಿ ಆ ಹಾಳೆಯನ್ನು ತಿದ್ದಿಸಿದೆ. ಅವರು ಬೈಯಲಿಲ್ಲ. ಅದೇ ವಾರ ಪರೀಕ್ಷೆ ಮಾಡಿಸಿ ಸಹಾಯ ಶುರುಮಾಡಿದರು.

ಆ ಹಾಳೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಹೆಸರು ಕಂಡರೆ ಮಾತ್ರ ಶಾಲೆ ಮುಂದಿನ ಹೆಜ್ಜೆ ಇಡುತ್ತದೆ. ಕೇಳುವುದು, ಮಾತನಾಡುವುದು, ಓದುವುದು, ಬರೆಯುವುದು, ಈ ನಾಲ್ಕರಲ್ಲೂ ಮಗುವನ್ನು ಪರೀಕ್ಷಿಸುತ್ತದೆ. ವಿಸ್ಕಾನ್ಸಿನ್ ಬಳಸುವುದು ವಿಡಾ (WIDA) ಎಂಬ ಸಂಸ್ಥೆಯ ಪರೀಕ್ಷೆ, ಅದರಲ್ಲಿ 1ರಿಂದ 6ರವರೆಗೆ ಹಂತಗಳಿವೆ. ಹಂತ ಕಡಿಮೆಯಿದ್ದರೆ ಇಎಸ್‌ಎಲ್ ಟೀಚರ್, ಎಂದರೆ ಬೇರೆ ಭಾಷೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರು, ಸಿಗುತ್ತಾರೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ತರಗತಿಯನ್ನು ಸಾಮಾನ್ಯವಾಗಿ ವಯಸ್ಸು ನೋಡಿ ನಿರ್ಧರಿಸುತ್ತಾರೆ, ಕನ್ನಡ ಎಂದು ಬರೆದ ಮಾತ್ರಕ್ಕೆ ಏಳು ಹೋಗಿ ಆರಾಗುವುದಿಲ್ಲ. ಇದು ಶಾಲೆ ತೋರಿಸುವ ದಯೆ ಎಂದೂ ಸಂಕೋಚಪಡಬೇಡ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಾತಾಡುವ ಮಕ್ಕಳ ಪರವಾಗಿ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲೇ ತೀರ್ಪು ಕೊಟ್ಟಿದೆ: ಭಾಷೆ ತಿಳಿಯದ ಮಗುವಿಗೆ ಉಳಿದವರಿಗೆ ಕೊಟ್ಟ ಪುಸ್ತಕವನ್ನೇ ಕೊಟ್ಟು, ಅದೇ ಕೋಣೆಯಲ್ಲಿ ಕೂರಿಸಿದರೆ ಸಮಾನತೆ ಆಗುವುದಿಲ್ಲ. ಅಂದಿನಿಂದ ಇದು ನಿನ್ನ ಮಗಳ ಹಕ್ಕು.

ಈಗ ಸಣ್ಣ ಶಾಲೆಯ ವಿಚಾರ. ಅಂಥ ಕಡೆ ಇಎಸ್‌ಎಲ್ ಟೀಚರ್ ಎರಡು ಮೂರು ಶಾಲೆಗಳಿಗೆ ಒಬ್ಬರೇ ಇರಬಹುದು. ಹಾಗಾಗಿ ಸಹಾಯ ಇದೆಯೇ ಎಂದು ಕೇಳಬೇಡ, ಇದೆ ಎಂದೇ ಹೇಳುತ್ತಾರೆ. ವಾರದಲ್ಲಿ ಎಷ್ಟು ದಿನ ಆ ಟೀಚರ್ ಈ ಕಟ್ಟಡದಲ್ಲಿ ಇರುತ್ತಾರೆ, ಯಾವ ಪೀರಿಯಡ್‌ನಲ್ಲಿ ಮಗಳನ್ನು ಹೊರಗೆ ಕರೆದುಕೊಂಡು ಹೋಗುತ್ತಾರೆ, ಆಗ ತಪ್ಪುವ ಪಾಠ ಯಾವುದು ಎಂದು ಕೇಳು. ವಿಜ್ಞಾನದ ತರಗತಿಯಲ್ಲೇ ಅವಳ ಪಕ್ಕ ಕೂತು ಹೇಳಿಕೊಡುವ ವ್ಯವಸ್ಥೆ ಇದ್ದರೆ ಅದನ್ನೇ ಆರಿಸಿಕೋ. ಸಂಗೀತದ ಆಯ್ಕೆಗಳು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗಳು ಅಲ್ಲಿ ಕಡಿಮೆ ಇರುತ್ತವೆ, ಅದು ನಿಜ. ಆದರೆ ಏಳನೆಯ ತರಗತಿಯ ನೂರು ಮಕ್ಕಳನ್ನು ಅದೇ ಐದಾರು ಶಿಕ್ಷಕರು ದಿನವೂ ನೋಡುತ್ತಾರೆ. ನನ್ನ ಮಗಳು ಊಟದ ಹೊತ್ತಿನಲ್ಲಿ ಒಬ್ಬಳೇ ಕೂರುತ್ತಾಳೆ ಎಂದು ಫೋನ್ ಮಾಡಿ ತಿಳಿಸಿದವರು ಅವಳ ಗಣಿತದ ಮೇಷ್ಟರು. ಮರುವಾರದಿಂದ ಇಬ್ಬರು ಹುಡುಗಿಯರನ್ನು ಅವಳ ಜೊತೆ ಕೂರುವಂತೆ ಮಾಡಿದವರೂ ಅವರೇ. ಈ ಕಾರಣಕ್ಕೇ ಮನೆ ಬದಲಿಸಬೇಡ ಎಂದೆ.

ಗಣಿತದಲ್ಲಿ ಮಾತ್ರ ಕಣ್ಣಿಟ್ಟಿರು. ನಿನ್ನ ಮಗಳಿಗೆ ಲೆಕ್ಕ ಬರುತ್ತದೆ, ಲೆಕ್ಕದ ಇಂಗ್ಲಿಷ್ ಬರುವುದಿಲ್ಲ. ಮಾತಿನಲ್ಲಿ ಕೊಟ್ಟ ಸಮಸ್ಯೆಗಳಲ್ಲಿ ಎಡವಿದಳೆಂದು ಸುಲಭದ ಗುಂಪಿಗೆ ಹಾಕಿಬಿಟ್ಟರೆ ಎಂಟನೆಯ ತರಗತಿಯ ಆಲ್ಜೀಬ್ರಾ ಕೈತಪ್ಪುತ್ತದೆ, ಅದರಿಂದ ಹೈಸ್ಕೂಲಿನ ಗಣಿತದ ದಾರಿಯೇ ಬದಲಾಗುತ್ತದೆ. ಬರೀ ಅಂಕಿಗಳ ಲೆಕ್ಕ ಕೊಟ್ಟೂ ಒಮ್ಮೆ ನೋಡಿ ಎಂದು ಕೇಳಿಕೋ. ಮನೆಯಲ್ಲಿ ಈಗಲೇ ಎರಡು ವಿಷಯ ರೂಢಿ ಮಾಡಿಸು. ನಾವು ಲಕ್ಷವನ್ನು 1,00,000 ಎಂದು ಬರೆದರೆ ಅವರು 100,000 ಎಂದು ಬರೆಯುತ್ತಾರೆ. ಭಾಗಾಕಾರದಲ್ಲಿ ನಾವು ಭಾಗಲಬ್ಧವನ್ನು ಬಲಗಡೆ ಬರೆಯುತ್ತೇವೆ, ಅವರು ಭಾಜ್ಯದ ತಲೆಯ ಮೇಲೆ ಬರೆಯುತ್ತಾರೆ.

ಅಲ್ಲಿ ಶಿಕ್ಷಕರು ಕೋಣೆಗೆ ಬರುವುದಿಲ್ಲ, ಮಕ್ಕಳೇ ಪೀರಿಯಡ್‌ಗೊಮ್ಮೆ ಕೋಣೆ ಬದಲಿಸುತ್ತಾರೆ, ನಡುವೆ ಸಿಗುವುದು ಮೂರು ನಾಲ್ಕು ನಿಮಿಷ. ಅಷ್ಟರಲ್ಲಿ ಪುಸ್ತಕ ಇಡುವ ಲಾಕರ್ ತೆಗೆಯಬೇಕು. ಬೀಗಕ್ಕೆ ಕೀಲಿಕೈ ಇರುವುದಿಲ್ಲ, ಅಂಕಿಗಳ ಚಕ್ರವಿರುತ್ತದೆ: ಬಲಕ್ಕೆ ಕೆಲವು ಸುತ್ತು ತಿರುಗಿಸಿ ಮೊದಲ ಅಂಕಿ, ಎಡಕ್ಕೆ ಒಂದು ಪೂರ್ತಿ ಸುತ್ತು ದಾಟಿ ಎರಡನೆಯದು, ಮತ್ತೆ ಬಲಕ್ಕೆ ಮೂರನೆಯದು. ನನ್ನ ಮಗಳು ಮೊದಲ ವಾರ ಆ ಬೀಗದ ಮುಂದೆಯೇ ಅತ್ತಿದ್ದಳು. ಅಂಥದೊಂದನ್ನು ಕೊಂಡು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟೆ. ರೊಟ್ಟಿ ಬೇಯುವಷ್ಟರಲ್ಲಿ ಹತ್ತು ಸಲ ತೆಗೆಯುತ್ತಿದ್ದಳು.

ಡಬ್ಬಿಗೆ ಶೇಂಗಾ ಚಟ್ನಿಪುಡಿ ಹಾಕುವ ಮೊದಲು ಶಾಲೆಯನ್ನು ಕೇಳು. ಶೇಂಗಾ ಆಗದ ಮಕ್ಕಳಿಗೆ ಅದು ಜೀವಕ್ಕೇ ಅಪಾಯ, ಆದ್ದರಿಂದ ಎಷ್ಟೋ ಕಡೆ ಅದಕ್ಕೆ ನಿಯಮವಿದೆ. ಅಗಸಿ ಚಟ್ನಿಪುಡಿಯನ್ನು ಹೆಚ್ಚಿಗೆ ಕಟ್ಟಿಕೊಂಡು ಹೋಗು.

ಹೊರಡುವ ಮೊದಲು ಜನನ ಪ್ರಮಾಣಪತ್ರ, ವರ್ಗಾವಣೆ ಪತ್ರ, ಮುಖ್ಯ ಶಿಕ್ಷಕರ ಮೊಹರು ಇರುವ ಅಂಕಪಟ್ಟಿ, ಇವುಗಳ ಇಂಗ್ಲಿಷ್ ಅನುವಾದ ಇಟ್ಟುಕೋ. ತಾಯಿ ಕಾರ್ಡ್ ಹುಡುಕಿ ತೆಗೆ. ಅಲ್ಲಿ ಲಸಿಕೆಯ ದಾಖಲೆ ಕೇಳುತ್ತಾರೆ, ಚಿಕನ್‌ಪಾಕ್ಸ್ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ, ಆ ರಾಜ್ಯದ ಶಾಲೆಗಳಿಗೆ ಬೇಕು.

ಕೊನೆಯಲ್ಲಿ ಬರೆದಿದ್ದೀಯ, ಕನ್ನಡ ಓದುವಾಗಲೂ ಅವಳಿಗೆ ಅಕ್ಷರ ಅದಲು ಬದಲಾಗುತ್ತದೆ ಎಂದು. ಅದನ್ನು ಮುಚ್ಚಿಡಬೇಡ. ಇಂಗ್ಲಿಷ್ ಬಾರದ್ದರಿಂದ ಹೀಗಾಗುತ್ತಿದೆ ಎಂದುಕೊಂಡು ಶಾಲೆ ಒಂದು ವರ್ಷ ಕಾಯಬಹುದು. ಕನ್ನಡದಲ್ಲೂ ಹೀಗೆಯೇ ಎಂದು ನೀನೊಬ್ಬಳೇ ಹೇಳಬಲ್ಲೆ. ಕಲಿಕೆಯ ತೊಂದರೆ ಇದೆಯೇ ಪರೀಕ್ಷಿಸಿ ಎಂದು ಕಾಗದದಲ್ಲಿ ಬರೆದು ದಿನಾಂಕ ಹಾಕಿ ಕೊಡು, ಬಾಯಿಮಾತಿನಲ್ಲಿ ಬಿಡಬೇಡ. ಅಮೆರಿಕದ 1975ರ ಕಾನೂನಿನಿಂದ ಬಂದ ವ್ಯವಸ್ಥೆ ಅದು, ಪರೀಕ್ಷೆಗೆ ಹಣವಿಲ್ಲ, ನಿನ್ನ ಒಪ್ಪಿಗೆ ಇಲ್ಲದೆ ನಡೆಸುವಂತಿಲ್ಲ. ಇದರ ಬಗ್ಗೆ ಶಾಲೆ ನಿನ್ನನ್ನು ಕರೆಯುವ ಸಭೆಗೆ ಕನ್ನಡದ ದುಭಾಷಿ ಬೇಕೆಂದು ವಾರ ಮೊದಲೇ ಹೇಳಿದರೆ ಫೋನಿನಲ್ಲಾದರೂ ಒದಗಿಸುತ್ತಾರೆ. ಮಗಳನ್ನೇ ದುಭಾಷಿಯಾಗಿ ಕೂರಿಸಬೇಡ.

ಜುಲೈ ಕೊನೆಯವರೆಗೆ ನಾನು ದಾವಣಗೆರೆಯ ಮನೆಯಲ್ಲೇ ಇರುತ್ತೇನೆ. ದುರ್ಗದಿಂದ ಬಸ್ಸಿಗೆ ಎಷ್ಟು ಹೊತ್ತು, ಒಂದು ಭಾನುವಾರ ಮಗಳನ್ನು ಕರೆದುಕೊಂಡು ಬಾ. ಮೊದಲು ಬೆಣ್ಣೆದೋಸೆ ತಿನ್ನೋಣ. ಆ ಶಾಲೆಯ ಅರ್ಜಿಯನ್ನು ಪ್ರಿಂಟ್ ತೆಗೆಸಿಕೊಂಡು ಬಂದರೆ ಇಬ್ಬರೂ ಕೂತು ತುಂಬೋಣ. ಭಾಷೆಯ ಹಾಳೆಯನ್ನು ನಿನ್ನ ಮಗಳೇ ಬರೆಯಲಿ. ಲಾಕರಿನ ಆ ಬೀಗವನ್ನು ಈ ಸಲ ಜೊತೆಗೆ ತಂದಿದ್ದೇನೆ, ಅವಳಿಗೆ ಕೊಡುತ್ತೇನೆ.